ಕ್ಯಾನ್‌ಬೆರಾದಲ್ಲಿ ಕಾರ್ಯಪ್ಪ

ಮಡಿಕೇರಿ

ಪ್ರೀತಿಯ ಗೆಳತಿ,

ಮೀಸೆ, ಶಿಸ್ತು, ಸೂಟುಬೂಟು ಬಿಟ್ಟು ಕಾರ್ಯಪ್ಪನವರ ಬಗ್ಗೆ ಬೇರೇನಾದರೂ ಬರೆ ಎಂದು ಕೇಳಿದ್ದೀಯ. ನನಗೂ ಬಹಳ ದಿನದಿಂದ ಬರೆಯಬೇಕೆನಿಸುತ್ತಿತ್ತು. ಅವರ ಹೆಸರಿನ ಕಾಲೇಜಿನಲ್ಲೇ ನಮ್ಮೂರ ಮಕ್ಕಳು ಓದುತ್ತಾರೆ, ಜನವರಿ 15 ಬಂತೆಂದರೆ ಹಾರ, ಭಾಷಣ ಎಲ್ಲ ಆಗುತ್ತವೆ. ಆದರೆ ಆ ಭಾಷಣಗಳು 1949ರ ಅದೇ ದಿನಕ್ಕೆ, ಬ್ರಿಟಿಷ್ ಜನರಲ್ ರಾಯ್ ಬುಚರ್ ಅವರಿಂದ ಭಾರತದ ಸೇನೆಯ ಹೊಣೆ ನಮ್ಮ ಕಾರ್ಯಪ್ಪನವರ ಕೈಗೆ ಬಂದಲ್ಲಿಗೆ, ನಿಂತುಬಿಡುತ್ತವೆ. ನನಗೆ ಹೆಚ್ಚು ಹೆಮ್ಮೆ ತರುವುದು ಸಮವಸ್ತ್ರ ಕಳಚಿದ ಮೇಲಿನ ಕಾರ್ಯಪ್ಪ.

1953ರ ಜನವರಿಯಲ್ಲಿ ಅವರು ನಿವೃತ್ತರಾದರು. ಅದೇ ವರ್ಷ ನೆಹರೂ ಸರ್ಕಾರ ಅವರನ್ನು ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿಗೆ ಹೈಕಮಿಷನರ್ ಮಾಡಿ ಕಳಿಸಿತು. ಕ್ಯಾನ್‌ಬೆರಾದಲ್ಲಿ ಅವರಿಗೆ ಮೊದಲು ಆ ಹುದ್ದೆಯಲ್ಲಿದ್ದವರು ಕ್ರಿಕೆಟಿಗ ದುಲೀಪ್‌ಸಿಂಹಜಿ. ಆಗಿನ ಆಸ್ಟ್ರೇಲಿಯಾ ಬಿಳಿಯರಲ್ಲದವರನ್ನು ನೆಲೆಸಲು ಬಿಡದ ದೇಶ. ಅದಕ್ಕೆ ಅಲ್ಲಿನವರು ಮಾಡಿಕೊಂಡಿದ್ದ ಉಪಾಯ ಕೇಳು. 1901ರ ವಲಸೆ ಕಾಯ್ದೆಯಲ್ಲಿ ಚರ್ಮದ ಬಣ್ಣದ ಮಾತೇ ಇರಲಿಲ್ಲ, ಇದ್ದದ್ದು ಒಂದು ಉಕ್ತಲೇಖನ. ಬಂದವನಿಗೆ ಅಧಿಕಾರಿ ಯಾವುದಾದರೊಂದು ಯುರೋಪಿನ ಭಾಷೆಯಲ್ಲಿ 50 ಪದಗಳನ್ನು ಹೇಳಿ ಬರೆಸುತ್ತಿದ್ದ. ಭಾಷೆಯನ್ನು ಆರಿಸುವವನು ಅಧಿಕಾರಿಯೇ. ಬೇಡದವನಿಗೆ ಬಾರದ ಭಾಷೆಯನ್ನು ಆರಿಸಿದರೆ ಅಲ್ಲಿಗೆ ಅವನ ಪ್ರಯಾಣ ಮುಗಿಯಿತು. 1934ರಲ್ಲಿ, ಹಲವು ಭಾಷೆ ಬಲ್ಲ ಎಗಾನ್ ಕಿಶ್ ಎಂಬ ಲೇಖಕನ ರಾಜಕೀಯ ಹಿಡಿಸದೆ, ಅವನಿಗೆ ಸ್ಕಾಟಿಷ್ ಗೇಲಿಕ್‌ನಲ್ಲಿ ಪರೀಕ್ಷೆ ಕೊಟ್ಟು ನಪಾಸು ಮಾಡಿದರು. ಅವನು ಕೋರ್ಟಿಗೆ ಹೋಗಿ ಗೆದ್ದ ಅನ್ನು. ಏಷ್ಯಾದಿಂದ ಬಂದ ಕೂಲಿಯವನಿಗೆ ಯಾವ ಕೋರ್ಟು? ಮೆಲ್ಬರ್ನ್‌ಗೆ ಓದಲು ಹೊರಟಿರುವ ನಿನ್ನ ಮಗಳಿಗೆ ಇದನ್ನು ಹೇಳು. ಅವಳು ಇಳಿಯುವ ನಾಡು ಹೀಗಿದ್ದದ್ದು ಅವಳ ಅಜ್ಜಿಯ ಕಾಲದಲ್ಲೇ.

ಅಂಥ ಕಡೆ ಹೋಗಿ ಕಾರ್ಯಪ್ಪ ಸುಮ್ಮನಿರಲಿಲ್ಲ. ‘ಬಿಳಿ ಆಸ್ಟ್ರೇಲಿಯಾ’ ನೀತಿ ತಪ್ಪು, ಅದು ಏಷ್ಯಾದ ದೇಶಗಳ ಸ್ನೇಹವನ್ನು ಕೆಡಿಸುತ್ತದೆ ಎಂದು 1954ರಲ್ಲಿ ಬಹಿರಂಗವಾಗಿಯೇ ಹೇಳಿದರು. ಪತ್ರಿಕೆಗಳಲ್ಲಿ ಗದ್ದಲವೆದ್ದಿತು. ರಾಯಭಾರಿಯಾಗಿ ಬಂದವರು ಆತಿಥೇಯರ ಕಾನೂನನ್ನು ಎಲ್ಲರೆದುರು ಟೀಕಿಸುವುದು ರಾಜತಾಂತ್ರಿಕ ರೂಢಿಯಲ್ಲ, ನಿಜ. ಅಲ್ಲಿನ ವಿದೇಶಾಂಗ ಸಚಿವ ಆರ್.ಜಿ. ಕೇಸಿ ಹಿಂದೆ ಬಂಗಾಳದ ಗವರ್ನರ್ ಆಗಿದ್ದವರು, ಭಾರತೀಯರ ಮನಸ್ಸು ತಿಳಿಯದವರೇನಲ್ಲ. ಆದರೂ ಇಂಥ ಮಾತನ್ನು ಎಲ್ಲರೆದುರು ಕೇಳಿಸಿಕೊಳ್ಳುವುದು ಯಾವ ಸರ್ಕಾರಕ್ಕೂ ಕಷ್ಟ. ಕಾರ್ಯಪ್ಪನವರು ಅಲ್ಲಿ ಆಡಿದ್ದರಿಂದ ಕಾನೂನು ಬದಲಾಯಿತು ಎಂದು ನಾನು ಹೇಳುವುದಿಲ್ಲ. ಉಕ್ತಲೇಖನ ಹೋದದ್ದು 1958ರಲ್ಲಿ, ನಿರ್ಬಂಧ ಸಡಿಲವಾದದ್ದು 1966ರಲ್ಲಿ, ವಲಸೆಯಲ್ಲಿ ಜನಾಂಗ ನೋಡುವುದು ಪೂರ್ತಿ ನಿಂತದ್ದು 1973ರಲ್ಲಿ. ಅದಕ್ಕೆ ದುಡಿದ ಆಸ್ಟ್ರೇಲಿಯನ್ನರು ಎಷ್ಟೋ ಜನ. ಆದರೂ ಹಾಗೆ ಹೇಳುವುದು ಸಲೀಸಲ್ಲದ ಕಾಲದಲ್ಲಿ, ಸಲೀಸಲ್ಲದ ಜಾಗದಲ್ಲಿ ನಿಂತು ನಮ್ಮ ಶನಿವಾರಸಂತೆಯಲ್ಲಿ ಹುಟ್ಟಿದವರೊಬ್ಬರು ಹೇಳಿದರಲ್ಲ, ಅದು ನನ್ನ ಮನಸ್ಸಿನಿಂದ ಹೋಗುವುದಿಲ್ಲ.

ಈ ಧೈರ್ಯ ಎಲ್ಲಿಂದ ಬಂತು ಎಂದು ಯೋಚಿಸಿದ್ದೇನೆ. ಇಂದೋರಿನ ಡೇಲಿ ಕಾಲೇಜಿನಲ್ಲಿ ತರಬೇತಾಗಿ 1919ರಲ್ಲಿ ಕಿಂಗ್ಸ್ ಕಮಿಷನ್ ಎಂಬ ಅಧಿಕಾರಿ ಪದವಿ ಪಡೆದ ಮೊದಲ ಭಾರತೀಯರ ತಂಡದಲ್ಲಿ ಅವರಿದ್ದರು. 1933ರಲ್ಲಿ ಕ್ವೆಟ್ಟಾ ಸ್ಟಾಫ್ ಕಾಲೇಜು ಸೇರಿದ ಮೊದಲ ಭಾರತೀಯ. 1942ರಲ್ಲಿ ಒಂದು ಬೆಟಾಲಿಯನ್ನಿನ ನಾಯಕತ್ವ ಸಿಕ್ಕ ಮೊದಲ ಭಾರತೀಯ. ನಾವು ಈ ‘ಮೊದಲು’ಗಳನ್ನು ಹೆಮ್ಮೆಯಿಂದ ಎಣಿಸುತ್ತೇವೆ. ನನಗೋ, ಅಲ್ಲಿಯವರೆಗೆ ಭಾರತೀಯನಿಗೆ ಆ ಜಾಗ ಇರಲಿಲ್ಲ ಎಂಬುದೇ ಎದ್ದು ಕಾಣುತ್ತದೆ. ತಮ್ಮದೇ ದೇಶದ ಸೇನೆಯಲ್ಲಿ ಒಂದು ಬೆಟಾಲಿಯನ್ ನಡೆಸಲು ಯೋಗ್ಯ ಎನಿಸಿಕೊಳ್ಳಲು ಅವರು 23 ವರ್ಷ ಕಾಯಬೇಕಾಯಿತು. ಬಣ್ಣ ನೋಡಿ ಮನುಷ್ಯನ ಬೆಲೆ ಕಟ್ಟುವುದು ಹೇಗಿರುತ್ತದೆಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಆದರೆ ಪರರು ತಮಗೆ ಮಾಡಿದ್ದನ್ನು ಖಂಡಿಸುವುದು ಒಂದು, ತಮ್ಮ ಮನೆಯೊಳಗಿನದನ್ನು ತಿದ್ದುವುದು ಇನ್ನೊಂದು. ಈ ಎರಡನೆಯದನ್ನು ಅವರು ಕ್ಯಾನ್‌ಬೆರಾಕ್ಕೆ ಹೋಗುವ ಮೊದಲೇ ಮಾಡಿದ್ದರು. 1857ರ ದಂಗೆಯ ನಂತರ ಬ್ರಿಟಿಷರು ಸೇನೆಯನ್ನು ಜಾತಿ, ಕುಲ, ಪ್ರಾಂತ್ಯಗಳ ಲೆಕ್ಕದಲ್ಲಿ ಕಟ್ಟುತ್ತ ಬಂದರು. ಕೆಲವರು ಹುಟ್ಟಾ ಯೋಧರು, ಉಳಿದವರು ಬಂದೂಕಿಗೆ ಲಾಯಕ್ಕಿಲ್ಲದವರು ಎಂಬ ಸಿದ್ಧಾಂತವನ್ನು ಲಾರ್ಡ್ ರಾಬರ್ಟ್ಸ್ ಅಂಥವರು ಬೆಳೆಸಿದರು. ದಕ್ಷಿಣದವರನ್ನು ಬದಿಗೆ ಸರಿಸಿದ್ದು ಹೀಗೆಯೇ. ಕೊಡವರ ಶೌರ್ಯವನ್ನು ಹೊಗಳಿದ ದೊರೆಗಳೂ ಇದ್ದರು, ಆ ಹೊಗಳಿಕೆ ನಮಗೆ ಇವತ್ತಿಗೂ ಹಿತವೇ. ಕಾರ್ಯಪ್ಪ ಆ ಹಿತಕ್ಕೆ ಮರುಳಾಗಲಿಲ್ಲ. ಮುಖ್ಯಸ್ಥರಾದ ವರ್ಷವೇ, 1949ರಲ್ಲಿ, ಬ್ರಿಗೇಡ್ ಆಫ್ ದಿ ಗಾರ್ಡ್ಸ್ ಎಂಬ ರೆಜಿಮೆಂಟನ್ನು ಕಟ್ಟಿದರು. ಪಂಜಾಬ್, ಗ್ರೆನೇಡಿಯರ್ಸ್, ರಜಪುತಾನಾ ರೈಫಲ್ಸ್, ರಜಪೂತ್ ರೆಜಿಮೆಂಟುಗಳಿಂದ ಹಳೆಯ ನಾಲ್ಕು ಬೆಟಾಲಿಯನ್‌ಗಳನ್ನು ತೆಗೆದು ಒಂದಾಗಿಸಿ, ಯಾವ ಜಾತಿಯವನಾದರೂ ಯಾವ ಊರಿನವನಾದರೂ ಸೇರಬಹುದು ಎಂದರು. ಒಂದೇ ಕಂಪನಿ, ಒಂದೇ ಅಡುಗೆಮನೆ, ಪಕ್ಕಪಕ್ಕದ ಮಂಚ. ಅವರ ಎದೆಯ ಮೇಲಿದ್ದ ಪದಕಗಳಿಗಿಂತ ಇದನ್ನೇ ನಾನು ದೊಡ್ಡದೆನ್ನುತ್ತೇನೆ.

ಅವರ ಎಲ್ಲ ಮಾತನ್ನೂ ನಾನು ಒಪ್ಪುತ್ತೇನೆಂದು ತಿಳಿಯಬೇಡ. ಸೇನಾಧಿಪತಿಯಾಗಿದ್ದಾಗ ದೇಶದ ಆರ್ಥಿಕತೆಯ ಬಗ್ಗೆಯೆಲ್ಲ ಭಾಷಣ ಮಾಡಿ, ಸ್ವಲ್ಪ ಕಡಿಮೆ ಮಾತಾಡಿ ಎಂದು ನೆಹರೂ ಅವರಿಂದ ಹೇಳಿಸಿಕೊಂಡವರು ಅವರು. ಪಾಕಿಸ್ತಾನದಲ್ಲಿ ಸೈನಿಕ ಆಡಳಿತ ಬಂದಾಗ ಅದನ್ನು ಮೆಚ್ಚಿ ಮಾತಾಡಿದರು. ಅದು ಸರಿಯಲ್ಲ ಎಂದೇ ನನ್ನ ಖಚಿತ ಅಭಿಪ್ರಾಯ. 1971ರಲ್ಲಿ ಮುಂಬಯಿಯಿಂದ ಲೋಕಸಭೆಗೆ ನಿಂತು ಸೋತರು. ಅನಿಸಿದ್ದನ್ನು ಆಡಿಯೇ ತೀರುವ ಸ್ವಭಾವ ಅವರಿಂದ ಬೇಡದ ಮಾತನ್ನೂ ಆಡಿಸಿತು, ಕ್ಯಾನ್‌ಬೆರಾದ ಮಾತನ್ನೂ ಆಡಿಸಿತು.

1965ರ ಭಾರತ-ಪಾಕಿಸ್ತಾನ ಯುದ್ಧದ ಸಂಗತಿ ನಿನಗೆ ಗೊತ್ತೇ ಇದೆ. ಮಗ ನಂದಾ ಹಾರಿಸುತ್ತಿದ್ದ ಹಂಟರ್ ವಿಮಾನ ಸೆಪ್ಟೆಂಬರಿನಲ್ಲಿ, ಕದನವಿರಾಮ ಇನ್ನೇನು ಬಂತು ಎನ್ನುವಾಗ ಬಿದ್ದು, ನಂದಾ ಸೆರೆಯಾದರು. ಆಗಿನ ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ದೇಶವಿಭಜನೆಗೆ ಮುಂಚೆ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದವರು. ಮಗನನ್ನು ಬಿಟ್ಟುಕೊಡುತ್ತೇನೆ ಎಂದು ಅವರು ಹೇಳಿಕಳಿಸಿದರೆ, ಸೆರೆಯಲ್ಲಿರುವವರೆಲ್ಲ ನನ್ನ ಮಕ್ಕಳೇ, ಇವನಿಗೆ ಬೇರೆ ಉಪಚಾರ ಬೇಡ ಎಂಬ ಉತ್ತರ ಹೋಯಿತು. ಇದನ್ನು ನಾವು ದೇಶಭಕ್ತಿಯ ಕಥೆಯಾಗಿ ಹೇಳುತ್ತೇವೆ, ಹೇಳಬೇಕಾದದ್ದೇ. ಗಾರ್ಡ್ಸ್ ಕಟ್ಟಿದ ಕೈ, ಕ್ಯಾನ್‌ಬೆರಾದಲ್ಲಿ ಆಡಿದ ಬಾಯಿ ಇದರಲ್ಲೂ ನನಗೆ ಕಾಣುತ್ತವೆ. ನಂದಾ ಮರುವರ್ಷ ಬಿಡುಗಡೆಯಾಗಿ ಬಂದರು.

ಮುಂದಿನ ಸಲ ಜನರಲ್ ತಿಮ್ಮಯ್ಯನವರ ಬಗ್ಗೆ ಬರೆಯುತ್ತೇನೆ. ಸೈಪ್ರಸ್‌ನಲ್ಲಿ ಗ್ರೀಕರು ಮತ್ತು ತುರ್ಕರ ನಡುವೆ ವಿಶ್ವಸಂಸ್ಥೆಯ ಪಡೆ ನಿಲ್ಲಿಸಿಕೊಂಡು, ಅಲ್ಲಿಯೇ 1965ರ ಡಿಸೆಂಬರಿನಲ್ಲಿ ತೀರಿಕೊಂಡರಲ್ಲ, ಅದನ್ನು ನಿಧಾನವಾಗಿ ಹೇಳಬೇಕು. ಅದಕ್ಕೂ ಮೊದಲು ಮ್ಯೂಸಿಯಂ ಆಗಿರುವ ಅವರ ಸನ್ನಿಸೈಡ್ ಮನೆಯನ್ನು ಇನ್ನೊಮ್ಮೆ ನೋಡಿ ಬರುತ್ತೇನೆ. ನೀನೂ ಬರುವುದಾದರೆ ಮಳೆ ಹಿಡಿಯುವ ಮುಂಚೆ ಬಾ.

ಪ್ರೀತಿಯಿಂದ,
ನಿನ್ನ ಗೆಳತಿ