ಹಿಮದ ವಾರದಲ್ಲಿ ಒಂದು ಚರ್ಚು

ಹಿಮ ಬೀಳುವ ಕ್ರಿಸ್‌ಮಸ್ ಎಂದೊಡನೆ ನಮ್ಮಲ್ಲಿ ಬಹುಮಂದಿಯ ಕಣ್ಣಿಗೆ ಕಟ್ಟುವುದು ಶುಭಾಶಯ ಪತ್ರದ ಮೇಲಿನ ಚಿತ್ರ: ಬೆಳ್ಳಗಾದ ಮಾಡು, ಹಳದಿ ಬೆಳಕಿನ ಕಿಟಕಿ, ದೂರದಲ್ಲೊಂದು ಚರ್ಚಿನ ಗೋಪುರ. ಆ ಚಿತ್ರ ಬರೆದವನು ಬೆಚ್ಚನೆಯ ಕೋಣೆಯಲ್ಲಿ ಕುಳಿತು ಬರೆದಿರಬೇಕು. ಒಳಗಿನಿಂದ ನೋಡುವವನಿಗೆ ಹಿಮ ಸೊಗಸು; ಹೊರಗೆ ಸಿಕ್ಕಿಕೊಂಡವನಿಗೆ ಅದೇ ಹಿಮ ಮೃತ್ಯು. ನಡುವೆ ಇರುವುದು ಒಂದು ಬಾಗಿಲು.

ನಮ್ಮ ಸಂಚಿಕೆಯ ಸಂಪಾದಕ ಮಿತ್ರರು, "ನೀವು ನಯಾಗರ ನೋಡಿ ಬಂದವರು, ಅದನ್ನು ಕುರಿತು ನಾಲ್ಕು ಪುಟ ಬರೆದುಕೊಡಿ" ಎಂದು ಕೇಳಿದರು. ನಯಾಗರವನ್ನು ಕುರಿತು ಬರೆದವರು ಬೇಕಾದಷ್ಟು ಮಂದಿ ಇದ್ದಾರೆ. ಅಲ್ಲಿಂದ ಸುಮಾರು ಇಪ್ಪತ್ತು ಮೈಲಿ ದೂರದ ಬಫೆಲೊ ನಗರದಲ್ಲಿ, ಗೋಪುರವೂ ಇಲ್ಲದ ಒಂದು ಚರ್ಚಿನಲ್ಲಿ ನಾನು ಕಂಡದ್ದನ್ನು ಹೇಳುವವರು ಕಡಮೆ. ಆದ್ದರಿಂದ ಅದನ್ನೇ ಬರೆಯುತ್ತೇನೆ.

ನನ್ನ ಅಕ್ಕ ಆ ನಗರದ ಒಂದು ಆಸ್ಪತ್ರೆಯಲ್ಲಿ ದಾದಿ. 2022ರ ಡಿಸೆಂಬರಿನಲ್ಲಿ ನಾನು ಅವಳ ಮನೆಗೆ ಹೋಗಿದ್ದೆ. ಊರಿನ ಪೂರ್ವ ಭಾಗದ ಒಂದು ಹಳೆಯ ಮರದ ಮನೆ. ಕೆಳಗೆ ಒಂದು ಸಂಸಾರ, ಮೇಲೆ ಅಕ್ಕ, ಭಾವ ಮತ್ತು ಅವರ ಐದು ವರ್ಷದ ಮಗ. ಆ ಭಾಗದಲ್ಲಿ ಹೆಚ್ಚಾಗಿ ಇರುವವರು ಕಪ್ಪು ಜನ. ಅದೇ ವರ್ಷ ಮೇ 14ರಂದು ಅಲ್ಲಿಯ ಜೆಫರ್ಸನ್ ಅವೆನ್ಯೂವಿನ ಟಾಪ್ಸ್ ಅಂಗಡಿಯಲ್ಲಿ, ವರ್ಣದ್ವೇಷ ತಲೆಗೇರಿದ ಒಬ್ಬ ತರುಣ ಹತ್ತು ಮಂದಿ ಕಪ್ಪು ಜನರನ್ನು ಗುಂಡಿಟ್ಟು ಕೊಂದಿದ್ದ. ಸುತ್ತಲಿನ ಬೀದಿಗಳಿಗೆಲ್ಲ ದೊಡ್ಡ ದಿನಸಿ ಅಂಗಡಿಯೆಂದರೆ ಅದೊಂದೇ. ಜುಲೈ ನಡುವಿನವರೆಗೆ ಅದು ಮುಚ್ಚಿತ್ತು. ಅಕ್ಕನ ಬೀದಿಯ ಮೂಲೆಯ ಚರ್ಚು ಪ್ರತಿ ಬುಧವಾರ ಅಕ್ಕಿ, ಕಾಳು, ಡಬ್ಬಿಯ ತರಕಾರಿ ಹಂಚಲು ಹಿಡಿದದ್ದು ಆಗಲೇ.

ಚರ್ಚು ಎಂದೆನಲ್ಲ, ಅದು ಹಿಂದೆ ಪೀಠೋಪಕರಣದ ಅಂಗಡಿಯಾಗಿದ್ದ ಕಟ್ಟಡ. ಮುಂದೆ ದೊಡ್ಡ ಗಾಜು, ಒಳಗೆ ಎಂಬತ್ತು ಕುರ್ಚಿ, ಹಿಂದೆ ಒಂದು ಅಡಿಗೆಮನೆ. ಪಾದ್ರಿಯ ವಾಸ ಪಕ್ಕದ ಮನೆಯಲ್ಲೇ.

ಬಫೆಲೊ ಇರುವುದು ಈರಿ ಸರೋವರದ ಪೂರ್ವದ ತುದಿಯಲ್ಲಿ. ಸರೋವರ ಹೆಪ್ಪುಗಟ್ಟದೆ ಇರುವಾಗ ಅದರ ಉದ್ದಕ್ಕೂ ಶೀತಗಾಳಿ ಬೀಸಿತೆಂದರೆ, ನೀರಿನ ತೇವವನ್ನೆಲ್ಲ ಹೀರಿಕೊಂಡು ಬಂದು ದಡದ ಊರಿನ ಮೇಲೆ ಹಿಮವಾಗಿ ಸುರಿಯುತ್ತದೆ. ಹಿಮ ಅಲ್ಲಿಯವರಿಗೆ ಹೊಸದಲ್ಲ. 1977ರ ಜನವರಿಯ ಬಿರುಗಾಳಿಯನ್ನು ಮುದುಕರು ಇಂದಿಗೂ ನೆನೆಯುತ್ತಾರೆ. ಆದರೆ ಡಿಸೆಂಬರ್ 23ರ ಶುಕ್ರವಾರ ಬೆಳಿಗ್ಗೆ ಬಂದದ್ದು ಅವರೂ ಕಾಣದ ಬಗೆಯದು. ಗಂಟೆಗೆ ಮೂವತ್ತೈದು ಮೈಲಿಯ ಗಾಳಿ, ಕಾಲು ಮೈಲಿಯಾಚೆ ಕಾಣದಂತಹ ಹಿಮ, ಇವು ಮೂರು ಗಂಟೆ ಎಡೆಬಿಡದೆ ಇದ್ದರೆ ಅಲ್ಲಿ ಅದನ್ನು 'ಬ್ಲಿಝರ್ಡ್' ಎನ್ನುತ್ತಾರೆ. ಈ ಸಲ ಅದು ಸುಮಾರು 37 ಗಂಟೆ ನಿಂತಿತು. ಗಾಳಿಯ ವೇಗ ಒಮ್ಮೊಮ್ಮೆ 70 ಮೈಲಿ ಮೀರಿತು. 27ರ ಹೊತ್ತಿಗೆ ವಿಮಾನ ನಿಲ್ದಾಣದಲ್ಲಿ ಅಳೆದ ಹಿಮ ಸುಮಾರು 52 ಅಂಗುಲ.

ಅಕ್ಕ ಶುಕ್ರವಾರ ಬೆಳಗಿನ ಜಾವವೇ ಕೆಲಸಕ್ಕೆ ಹೋದವಳು ಹಿಂದಿರುಗಲಾಗಲಿಲ್ಲ. ಒಂಬತ್ತೂವರೆಗೆ ವಾಹನ ಸಂಚಾರವನ್ನೇ ನಿಷೇಧಿಸಿದರು. ಅಷ್ಟು ಹೊತ್ತಿಗೆ ಕೆಲಸಕ್ಕೆ ಹೊರಟವರು ದಾರಿಯಲ್ಲಿದ್ದರು. ಸಂಜೆ ನಮ್ಮ ಮನೆಯ ವಿದ್ಯುತ್ತು ಹೋಯಿತು. ಮನೆ ಬೆಚ್ಚಗಿಡುವ ಯಂತ್ರ ಉರಿಯುವುದು ಗ್ಯಾಸಿನಿಂದಲೇ ಆದರೂ, ಬಿಸಿಗಾಳಿಯನ್ನು ಕೋಣೆಗಳಿಗೆ ನೂಕುವ ಬೀಸಣಿಗೆಗೆ ವಿದ್ಯುತ್ತು ಬೇಕು. ಬೆಳಗಾಗುವುದರೊಳಗೆ ಮನೆಯೊಳಗೆ ನಮ್ಮ ಉಸಿರು ಹೊಗೆಯಂತೆ ಕಾಣತೊಡಗಿತು. ಭಾವ ಅಡಿಗೆಯ ಒಲೆ ಹಚ್ಚಿ ಮಗುವನ್ನು ಹತ್ತಿರ ಕೂರಿಸಿಕೊಂಡರು. ಅಷ್ಟರಲ್ಲಿ ಅಕ್ಕನ ಫೋನು ಬಂತು.

"ಒಲೆ ಹಚ್ಚಿಕೊಂಡು ಬಾಗಿಲು ಮುಚ್ಚಿ ಕೂತಿದ್ದೀರೇನೋ? ಮೊದಲು ಆರಿಸು. ಹಾಗೆ ಕೂತು ವಿಷಗಾಳಿ ಕುಡಿದವರನ್ನು ಇಲ್ಲಿ ನಾನು ನೋಡಿದ್ದೀನಿ. ಮೂಲೆಯ ಚರ್ಚಿಗೆ ಹೋಗಿ."

ಭಾವ ಹಿಂಜರಿದರು. "ನಾವೇನು ಅವರ ಮತದವರೇ? ಯಾವತ್ತೂ ಕಾಲಿಟ್ಟವರಲ್ಲ."

"ಅವರು ಕೇಳಿದಾಗ ಯೋಚನೆ ಮಾಡೋಣವಂತೆ, ಭಾವ," ಎಂದೆ.

ನಡುವೆ ಇದ್ದದ್ದು ಎಂಟು ಮನೆ. ಮಗುವನ್ನು ಭಾವ ಎದೆಗೆ ಕಟ್ಟಿಕೊಂಡರು. ಬೇಲಿಯನ್ನು ಕೈಯಿಂದ ತಡವಿಕೊಂಡು ನಾನು ಮುಂದೆ ನಡೆದೆ. ಆ ಎಂಟು ಮನೆಗೆ ನಮಗೆ ಇಪ್ಪತ್ತು ನಿಮಿಷ ಹಿಡಿಯಿತು. ಚಾಚಿದ ನನ್ನ ಕೈಯೇ ನನಗೆ ಕಾಣುತ್ತಿರಲಿಲ್ಲ. ಚರ್ಚಿಗೆ ವಿದ್ಯುತ್ತಿನ ತಂತಿ ಬರುತ್ತಿದ್ದುದು ಅಡ್ಡರಸ್ತೆಯ ಕಡೆಯಿಂದ, ಅದು ಕಡಿದಿರಲಿಲ್ಲ. ಬಾಗಿಲು ತೆರೆದವರು ನಮ್ಮ ಹೆಸರನ್ನೂ ಕೇಳಲಿಲ್ಲ. ಮಗುವಿನ ಕಾಲುಚೀಲ ಒದ್ದೆಯಾಗಿದೆಯೆ ಎಂದು ಕೇಳಿದರು.

ಒಳಗೆ ಆಗಲೇ ಇಪ್ಪತ್ತು ಮಂದಿ ಇದ್ದರು. ರಾತ್ರಿಯ ಹೊತ್ತಿಗೆ ಮೂವತ್ತನಾಲ್ಕು. ಬಸ್ಸನ್ನು ರಸ್ತೆಯಲ್ಲೇ ಬಿಟ್ಟು ಬಂದ ಚಾಲಕ, ದಾರಿ ತಪ್ಪಿದ ಇಬ್ಬರು ಲಾರಿಯವರು, ಮೂರು ತಿಂಗಳ ಕೂಸಿನ ತಾಯಿ, ಕೆಲಸ ಮುಗಿಸಿ ನಡೆದು ಹೊರಟು ರೆಪ್ಪೆಯ ಮೇಲೆ ಮಂಜುಗಡ್ಡೆ ಕಟ್ಟಿಕೊಂಡು ಬಂದ ಹುಡುಗ. ಎರಡೆರಡು ಸಾಲು ಕುರ್ಚಿ ಎದುರುಬದುರು ಜೋಡಿಸಿದರೆ ಮಂಚವಾಯಿತು. ಕಿಟಕಿಯ ಪರದೆಗಳು ಹೊದಿಕೆಯಾದುವು. ಶನಿವಾರ ಹಂಚಬೇಕೆಂದು ನಲವತ್ತು ಚೀಲ ಕ್ರಿಸ್‌ಮಸ್ ದಿನಸಿ ಕಟ್ಟಿಟ್ಟಿದ್ದರು. ಪಾದ್ರಿಯ ಹೆಂಡತಿ ಒಂದೊಂದನ್ನೇ ಬಿಚ್ಚಿ ಅಡಿಗೆಗೆ ಕೊಟ್ಟರು; ಯಾವ ಚೀಲದಿಂದ ಏನು ತೆಗೆದೆವೆಂಬುದನ್ನು ಬರೆದಿಟ್ಟರು, ಆಮೇಲೆ ತುಂಬಿಕೊಡಬೇಕಲ್ಲ. ನನ್ನ ಪಾಲಿಗೆ ಒಣ ಬಟಾಣಿ ಬೇಳೆ ಬಂತು. ಹುಣಿಸೆಹಣ್ಣೇ ಇಲ್ಲದೆ ಒಂದು ಹುಳಿ ಮಾಡಿದೆ. ಹುಳಿಯಿಲ್ಲದ ಆ ಹುಳಿಯನ್ನು ಬಸ್ಸಿನ ಚಾಲಕ ಮೂರು ಸಲ ಹಾಕಿಸಿಕೊಂಡ.

ಆ ವಾರದಲ್ಲಿ ನನ್ನ ಮನಸ್ಸನ್ನು ಹಿಡಿದದ್ದು ಒಂದು ನೋಟುಪುಸ್ತಕ. ಬುಧವಾರದ ದಿನಸಿಯ ಲೆಕ್ಕ ಇಡುತ್ತಿದ್ದವರು ಎಪ್ಪತ್ತು ದಾಟಿದ ಒಬ್ಬ ಹೆಂಗಸು. ಯಾರ ಮನೆಗೆ ಎಷ್ಟು ಅಕ್ಕಿ, ಯಾರಿಗೆ ಸಕ್ಕರೆ ಕಾಯಿಲೆ, ಯಾರು ಮಹಡಿಯಿಂದ ಇಳಿಯಲಾರರು, ಯಾರ ಉಸಿರಾಟದ ಯಂತ್ರಕ್ಕೆ ವಿದ್ಯುತ್ತು ಬೇಕು, ಎಲ್ಲವೂ ಅದರಲ್ಲಿತ್ತು. ಶನಿವಾರ ಮಧ್ಯಾಹ್ನ ಆಕೆ ಕುಳಿತು ಮೊದಲ ಪುಟದಿಂದ ಒಬ್ಬೊಬ್ಬರಿಗೂ ಫೋನು ಮಾಡಿದರು. ಹತ್ತಿರದವರನ್ನು ತರುಣರು ಹಗ್ಗ ಹಿಡಿದು ಹೋಗಿ ಕರೆತಂದರು. ದೂರದವರಿಗೆ, "ನಿಮ್ಮ ಕೆಳಗಿನ ಮನೆಯವರನ್ನು ಕೂಗಿ, ಎಲ್ಲರೂ ಒಂದೇ ಕೋಣೆಯಲ್ಲಿ ಸೇರಿ" ಎಂದರು. ಸಕ್ಕರೆ ಕಾಯಿಲೆಯ ಸಮಾಚಾರವೂ ಉಸಿರಾಟದ ಯಂತ್ರದ ಸಮಾಚಾರವೂ ಸರ್ಕಾರದ ಯಾವ ಕಡತದಲ್ಲೂ ಹಾಗೆ ಒಂದೇ ಪುಟದಲ್ಲಿ ಸಿಕ್ಕುತ್ತಿರಲಿಲ್ಲವೆಂದು ನನಗೆ ತೋರುತ್ತದೆ. ಏಳು ತಿಂಗಳು ಅಕ್ಕಿ ಅಳೆದುಕೊಟ್ಟವರಿಗೆ ಮಾತ್ರ ಅದು ಸಿಕ್ಕಿತ್ತು.

ಒಬ್ಬ ಮುದುಕರ ಫೋನು ಮಾತ್ರ ಬಡಿದುಕೊಳ್ಳುತ್ತಲೇ ಇತ್ತು. ಎರಡು ಬೀದಿಯಾಚೆ ಒಂಟಿಯಾಗಿ ಇದ್ದವರು. ಪಾದ್ರಿ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಎರಡು ಸಲ ಹೊರಟರು. ಎರಡು ಸಲವೂ ಮೊದಲ ತಿರುವಿನಿಂದಲೇ ಹಿಂದಕ್ಕೆ ಬಂದರು. ಆಂಬುಲೆನ್ಸುಗಳೂ ಬೆಂಕಿ ಆರಿಸುವ ವಾಹನಗಳೂ ತಾವೇ ಹಿಮದಲ್ಲಿ ಹೂತು ನಿಂತಿದ್ದುವು. ಭಾನುವಾರ ಬೆಳಿಗ್ಗೆ ಕ್ರಿಸ್‌ಮಸ್ ಪ್ರಾರ್ಥನೆ ನಡೆಯಿತು. ಪಾದ್ರಿ ಹತ್ತೇ ನಿಮಿಷ ಮಾತನಾಡಿದರು. ಆ ಹತ್ತು ನಿಮಿಷವೂ ಆಕೆ ಫೋನನ್ನು ಕೈಯಲ್ಲೇ ಹಿಡಿದುಕೊಂಡಿದ್ದರು. ಮಂಗಳವಾರ ಆ ಬೀದಿಗೆ ದಾರಿಯಾಯಿತು. ಮುದುಕರು ಕುರ್ಚಿಯಲ್ಲಿ, ಮೇಲಂಗಿ ತೊಟ್ಟು ಕುಳಿತಿದ್ದಂತೆಯೇ ತೀರಿಹೋಗಿದ್ದರು.

ಆ ಬಿರುಗಾಳಿಯಲ್ಲಿ ಈರಿ ಮತ್ತು ನಯಾಗರ ಜಿಲ್ಲೆಗಳೆರಡರಲ್ಲಿ ಸತ್ತವರು 47 ಮಂದಿ; ಬಫೆಲೊ ನಗರ ಒಂದರಲ್ಲೇ 31. ಆ 31ರಲ್ಲಿ 20 ಮಂದಿ ಕಪ್ಪು ಜನ, ನಗರದ ಜನಸಂಖ್ಯೆಯಲ್ಲಿ ಅವರ ಪಾಲು ಸುಮಾರು ಮೂರರಲ್ಲಿ ಒಂದಾದರೂ. ಹಿಮ ಎಲ್ಲರ ಮೇಲೂ ಸಮನಾಗಿ ಬಿದ್ದಿತು. ಹಳೆಯ ಮನೆ, ಬರಿದಾದ ಉಗ್ರಾಣ, ರಜೆ ಸಿಕ್ಕದ ಕೆಲಸ, ಇವು ಮಾತ್ರ ಎಲ್ಲರಿಗೂ ಸಮನಾಗಿರಲಿಲ್ಲ. ಇನ್ನೊಂದು ಕಡೆ, ತೆರೆದ ಬಾಗಿಲು ನಮ್ಮ ಮೂಲೆಯದೊಂದೇ ಅಲ್ಲವೆಂಬುದು ಆಮೇಲೆ ಪತ್ರಿಕೆಗಳಿಂದ ತಿಳಿಯಿತು. 'ಸ್ಪಿರಿಟ್ ಆಫ್ ಟ್ರೂತ್ ಅರ್ಬನ್ ಮಿನಿಸ್ಟ್ರಿ' ಎಂಬ ಚರ್ಚಿನಲ್ಲಿ ಆ ಶನಿವಾರದ ರಾತ್ರಿಯನ್ನು ಅರವತ್ತು ಎಪ್ಪತ್ತು ಮಂದಿ ಕಳೆದರು. ಅವರಿಗೆ ಅಡಿಗೆ ಮಾಡಿ ಬಡಿಸಿದವರು ಅದನ್ನು ನಡೆಸುವ ದಂಪತಿಗಳೇ. ಪಕ್ಕದ ಚೀಕ್ಟವಾಗದಲ್ಲಿ ಒಬ್ಬ ಮೆಕ್ಯಾನಿಕ್ ಶಾಲೆಯೊಂದರ ಕಿಟಕಿ ಒಡೆದು ಇಪ್ಪತ್ತಕ್ಕೂ ಹೆಚ್ಚು ಮಂದಿಯನ್ನು ಒಳಗೆ ಸೇರಿಸಿ, ಹೋಗುವಾಗ ಕ್ಷಮೆ ಬೇಡಿ ಚೀಟಿ ಬರೆದಿಟ್ಟು ಹೋದ.

ಆ ಊರಿನಲ್ಲಿ ಇಂಥ ಬಾಗಿಲಿಗೆ ಒಂದು ಪರಂಪರೆಯೇ ಇದೆ. 1840ರ ದಶಕದಲ್ಲಿ ಕಪ್ಪು ಜನರು ಕಟ್ಟಿಕೊಂಡ ಮಿಷಿಗನ್ ಸ್ಟ್ರೀಟ್ ಬ್ಯಾಪ್ಟಿಸ್ಟ್ ಚರ್ಚು ಅಲ್ಲಿ ಇಂದಿಗೂ ನಿಂತಿದೆ. ದಕ್ಷಿಣದ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದವರು ಅಲ್ಲಿ ಅಡಗಿದ್ದು, ನಯಾಗರ ನದಿ ದಾಟಿ ಕೆನಡಾ ಸೇರುತ್ತಿದ್ದರು. ಅಂದು ಬಾಗಿಲು ತೆರೆಯುವುದಕ್ಕೆ ಕಾನೂನಿನ ಭಯವಿತ್ತು. ಇಂದು ಆ ಭಯವಿಲ್ಲ. ಆದರೆ ಬಾಗಿಲು ತೆರೆಯಬೇಕಾದವನು ಹತ್ತಿರದಲ್ಲಿರಬೇಕು, ಬೀಗದ ಕೈ ಅವನ ಜೇಬಿನಲ್ಲಿರಬೇಕು ಎಂಬ ಮಾತು ಬದಲಾಗಿಲ್ಲ. ದೊಡ್ಡ ವ್ಯವಸ್ಥೆಗಳು ಬೇಕು; ಅವು ಬರುವುದಕ್ಕೆ ರಸ್ತೆಯೂ ಬೇಕು. ರಸ್ತೆ ಮುಚ್ಚಿದ ದಿನ ಮನುಷ್ಯ ಎಂಟು ಮನೆ ನಡೆಯಬಲ್ಲ, ಎರಡು ಬೀದಿ ನಡೆಯಲಾರ. ಆದ್ದರಿಂದ ನೆರವು ಎಂಟು ಮನೆಯೊಳಗೆ ಇರಬೇಕು.

ನಮ್ಮ ವಿದ್ಯಾರ್ಥಿ ಮಿತ್ರರು ಸಮಾಜಸೇವೆಯೆಂದರೆ ದೊಡ್ಡ ಕಾರ್ಯವೆಂದೂ, ಅದಕ್ಕೆ ನಿಧಿ, ಸಮಿತಿ, ಅಧ್ಯಕ್ಷರು ಬೇಕೆಂದೂ ತಿಳಿದಿರುವುದುಂಟು. ಆ ಚರ್ಚಿಗೆ ಇದ್ದದ್ದು ಎಂಬತ್ತು ಕುರ್ಚಿ, ಒಂದು ಅಡಿಗೆಮನೆ, ಒಂದು ನೋಟುಪುಸ್ತಕ. ತಮ್ಮ ಬೀದಿಯಲ್ಲಿ ಒಂಟಿಯಾಗಿ ಇರುವವರು ಯಾರು ಎಂಬುದನ್ನು ತಿಳಿದುಕೊಳ್ಳಲು ಯಾವ ನಿಧಿಯೂ ಬೇಡ.

ಡಿಸೆಂಬರ್ 29ರಂದು ನಗರದಲ್ಲಿ ಸಂಚಾರ ನಿಷೇಧ ತೆಗೆದರು. ನಾನು ಹೊರಡುವ ಮುನ್ನ ಚರ್ಚಿಗೆ ಹೋದಾಗ ಆ ಹಿರಿಯರು ನೋಟುಪುಸ್ತಕ ತೆರೆದು ಕುಳಿತಿದ್ದರು. ಪ್ರತಿ ಹೆಸರಿನ ಮುಂದೆ ಅಡಿಪಟ್ಟಿಯಿಟ್ಟು ಹೊಸದಾಗಿ ಒಂದು ಗೆರೆ ಎಳೆಯುತ್ತಿದ್ದರು. ಏನೆಂದು ಕೇಳಿದೆ.

"ಆ ಮುದುಕನ ಪಕ್ಕದ ಮನೆಯವರ ನಂಬರು ನನ್ನಲ್ಲಿರಲಿಲ್ಲ, ಮಗು," ಎಂದರು. "ಮುಂದಿನ ಬುಧವಾರದಿಂದ ಚೀಲ ತೆಗೆದುಕೊಳ್ಳಲು ಬರುವವರೆಲ್ಲ ತಮ್ಮ ಪಕ್ಕದ ಮನೆಯವರ ಹೆಸರನ್ನೂ ನಂಬರನ್ನೂ ತಂದುಕೊಡಬೇಕು. ಪಕ್ಕದವರ ಹೆಸರು ಗೊತ್ತಿಲ್ಲವೆಂದರೆ, ಹೋಗಿ ಕೇಳಿಕೊಂಡು ಬರಲಿ."