ಬಂಡಿಯನ್ನು ಮಾಡಿದವರಾರು?

ಉಪಾಧ್ಯಾಯವೃತ್ತಿಯಲ್ಲಿ ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಮಕ್ಕಳನ್ನು ಪ್ರಶ್ನೆ ಕೇಳಿದವನು ನಾನು. ನಿವೃತ್ತನಾದ ಮೇಲೂ ಒಬ್ಬ ಹುಡುಗನು ನನ್ನನ್ನು ಕೇಳಿದ ಪ್ರಶ್ನೆಯೊಂದು ಸಾಲದಂತೆ ಉಳಿದಿದ್ದಿತು.

ನನ್ನ ಬಾಲ್ಯದಲ್ಲಿ ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟ, ಚಿಂತಾಮಣಿಗಳ ಮಾರ್ಗವಾಗಿ ಎರಡೂವರೆ ಅಡಿ ಅಗಲದ ಹಳಿಯ ಮೇಲೆ ಪುಟ್ಟ ಉಗಿಬಂಡಿಯು ಓಡುತ್ತಲಿದ್ದಿತು. ಮುಂದೆ ಶಿಡ್ಲಘಟ್ಟದ ಕಡೆಯ ಹಳ್ಳಿಯೊಂದರಲ್ಲಿ ಪಾಠ ಹೇಳುತ್ತ, ಅದನ್ನು ನೆನೆದು, "ಉಗಿಬಂಡಿಯನ್ನು ಮಾಡಿದವನು ಜಾರ್ಜ್ ಸ್ಟೀಫನ್‌ಸನ್" ಎಂದೆನು. ಕಮ್ಮಾರರ ಹುಡುಗನೊಬ್ಬನು ಎದ್ದು, "ಒಬ್ಬನೇ ಮಾಡಿದನೇ, ಮೇಷ್ಟ್ರೇ? ಸುತ್ತಿಗೆ ಹಿಡಿದವರು ಯಾರು? ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುವುದಕ್ಕೇ ನಮ್ಮ ಕುಲುಮೆಯಲ್ಲಿ ನಾಲ್ವರು ಬೇಕು" ಎಂದನು. ತರಗತಿ ನಕ್ಕಿತು. ಅಧಿಕಪ್ರಸಂಗವೆಂದು ಗದರಿಸಿ ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದೆನು. ಆ ವರ್ಷ ಅವನು ಮತ್ತೆ ಬಾಯಿ ತೆರೆಯಲಿಲ್ಲ.

ಈಚೆಗೆ ಬಿಡುವಿನಲ್ಲಿ ಆ ಚರಿತ್ರೆಯನ್ನು ಓದಿದೆನು. ಉಗಿಬಂಡಿಗಳನ್ನು ಮಾಡುವುದಕ್ಕೆಂದೇ ಪ್ರಪಂಚದಲ್ಲಿ ಮೊದಲು ಹುಟ್ಟಿದ ಕಾರ್ಖಾನೆಯು 1823ರಲ್ಲಿ ಇಂಗ್ಲೆಂಡಿನ ನ್ಯೂಕಾಸಲ್ ಪಟ್ಟಣದಲ್ಲಿ ಸ್ಥಾಪಿತವಾಯಿತು. ಜಾರ್ಜನೊಡನೆ ಎಡ್ವರ್ಡ್ ಪೀಸ್, ಮೈಕೇಲ್ ಲಾಂಗ್‌ರಿಜ್ ಎಂಬವರು ಪಾಲುದಾರರಾಗಿದ್ದರು. ಕಾರ್ಖಾನೆಗೆ ಇಟ್ಟ ಹೆಸರಾದರೋ ಇನ್ನೂ ಇಪ್ಪತ್ತು ತುಂಬದ ಮಗ ರಾಬರ್ಟನದು. 1825ರಲ್ಲಿ ಅಲ್ಲಿಂದ 'ಲೋಕೋಮೋಷನ್' ಎಂಬ ಬಂಡಿಯು ಹೊರಟಾಗ ಆ ರಾಬರ್ಟನು ದಕ್ಷಿಣ ಅಮೆರಿಕದ ಗಣಿಗಳ ಕೆಲಸಕ್ಕೆ ಹೋಗಿದ್ದನು! 1829ರ ಸ್ಪರ್ಧೆಯಲ್ಲಿ ಗೆದ್ದ 'ರಾಕೆಟ್' ಬಂಡಿಯ ನೀರಿನ ಕೊಪ್ಪರಿಗೆಯೊಳಗೆ 25 ತಾಮ್ರದ ಕೊಳವೆಗಳಿದ್ದುವು. ಬೆಂಕಿಯ ಬಿಸಿಯು ಅವುಗಳ ಮೂಲಕ ಹಾಯ್ದುದರಿಂದ ಉಗಿಯು ಬೇಗನೆ ಹುಟ್ಟುತ್ತಿದ್ದಿತು. ಆ ಸಲಹೆಯನ್ನು ಕೊಟ್ಟವನು ಹೆನ್ರಿ ಬೂತ್ ಎಂಬ ರೈಲ್ವೆಯ ಕಾರ್ಯದರ್ಶಿ. ಕೊಳವೆಗಳನ್ನು ಜೋಡಿಸಿ ಬಿಗಿದವರು ಕುಲುಮೆಯ ಕೆಲಸಗಾರರು.

ಮಾಡಿಸುವವನು ಪ್ರಯೋಜಕಕರ್ತೃ, ಮಾಡುವವನು ಪ್ರಯೋಜ್ಯಕರ್ತೃ ಎಂಬುದು ವ್ಯಾಕರಣದ ಮಾತು. ಈ ಭೇದವನ್ನು ಸಂಸ್ಕೃತದಲ್ಲಿ ವರ್ಷವರ್ಷವೂ ಬೋಧಿಸಿದ ನಾನು, ಕಮ್ಮಾರರ ಹುಡುಗನು ಅದನ್ನೇ ತಿಳಿಗನ್ನಡದಲ್ಲಿ ಕೇಳಿದಾಗ ಗುರುತಿಸದೆ ಹೋದೆನು.

ಕಳೆದ ತಿಂಗಳು ಚಿಂತಾಮಣಿಗೆ ಹೋದಾಗ ಅವನ ವೆಲ್ಡಿಂಗ್ ಅಂಗಡಿಯನ್ನು ಹುಡುಕಿಕೊಂಡು ಹೋದೆನು. "ಅಂದು ನಿನ್ನ ಪ್ರಶ್ನೆಯೇ ಸರಿ, ತಪ್ಪು ನನ್ನದಪ್ಪ" ಎಂದೆನು. ಅವನು ಕೈಯೊರೆಸಿಕೊಂಡು, ಸ್ಟೂಲನ್ನು ಮುಂದಿಟ್ಟು, "ಕಾಲುನೋವು ಅಂದೇ ಹೋಯಿತು, ಮೇಷ್ಟ್ರೇ. ಉತ್ತರ ಮಾತ್ರ ಬಾಕಿ ಇದೆ" ಎಂದನು.

ಆ ಬಾಕಿಯನ್ನು ಅಲ್ಲಿಯೇ ಕುಳಿತು ತೀರಿಸಿದೆನು.