ನೀರಿಗೊಂದು ನೆಪ

ನನಗೆ ನೀರು ಕುಡಿಯುವುದೆಂದರೆ ಬೇಸರ. ಹೀಗೆಂದರೆ ಜನ ನನ್ನನ್ನು ಉಸಿರಾಡಲು ಸೋಮಾರಿತನ ಪಡುವವನಂತೆ ನೋಡುತ್ತಾರೆ. ಏನು ಮಾಡಲಿ, ಬಾಯಾರಿದಾಗ ಕೈ ಹೋಗುತ್ತಿದ್ದುದು ಕಾಫಿ ಲೋಟಕ್ಕೆ, ಇಲ್ಲವೇ ಫ್ರಿಜ್ಜಿನ ಬುರುಗು ಬಾಟಲಿಗೆ. ಐವತ್ತು ದಾಟಿದ ಮೇಲೊಂದು ದಿನ ರಕ್ತಪರೀಕ್ಷೆಯ ಕಾಗದ ನೋಡಿದ ಡಾಕ್ಟರು ಒಂದೇ ಉಸಿರಿಗೆ ಎರಡು ಹೊರೆ ಹೊರಿಸಿದರು: ಸಕ್ಕರೆ ಬಿಡಿ, ನೀರು ಹೆಚ್ಚಿಸಿ.

300 ಮಿಲಿಲೀಟರ್ ಕೋಲಾದಲ್ಲಿ ಸುಮಾರು 30 ಗ್ರಾಂ ಸಕ್ಕರೆ ಇರುತ್ತದೆ. ದಿನವಿಡೀ ಸೇರಿ 25 ಗ್ರಾಂ ಒಳಗಿದ್ದರೆ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. ಸರಿ, ಸಕ್ಕರೆಯಿಲ್ಲದ್ದು, ಆದರೆ ಸಪ್ಪೆಯಲ್ಲದ್ದು ಏನಾದರೂ ಸಿಕ್ಕೀತೆಂದು ಅಂಗಡಿಗೆ ಹೋದೆ. ‘ಹರ್ಬಲ್’ ಎಂಬ ಬಾಟಲಿಗಳ ಮುಂಭಾಗದಲ್ಲಿ ತುಳಸಿ, ನೆಲ್ಲಿ, ಒಂದೆಲಗ ಎಲ್ಲ ನಗುತ್ತಿದ್ದವು. ಬೆನ್ನು ತಿರುಗಿಸಿದರೆ ಪಟ್ಟಿಯಲ್ಲಿ ನೀರಿನ ನಂತರದ ಸ್ಥಾನ ಸಕ್ಕರೆಯದೇ. ಯಾವುದು ಹೆಚ್ಚಿದೆಯೋ ಅದನ್ನು ಮೊದಲು ಬರೆಯಬೇಕೆಂಬ ನಿಯಮ ಮಾಡಿದವರಿಗೆ ನಮಸ್ಕಾರ. ಇನ್ನೊಂದರಲ್ಲಿ ಸಕ್ಕರೆ ಇರಲಿಲ್ಲ, ಬೆಲ್ಲವಿತ್ತು. ಅದು ಸಕ್ಕರೆಯ ಹಳ್ಳಿಯ ಅಣ್ಣ, ಅಷ್ಟೇ. ನಮ್ಮಮ್ಮ ಮಾಡುತ್ತಿದ್ದ ಕೊತ್ತಂಬರಿ-ಜೀರಿಗೆ ಕಷಾಯಕ್ಕೂ ಹಾಲು ಬೆಲ್ಲ ಬೀಳುತ್ತಿತ್ತು. ಅದು ಸಿಹಿತಿಂಡಿಯ ಜಾತಿಯದೆಂದು ಈಗ ಒಪ್ಪಿಕೊಳ್ಳಬೇಕು.

ದಾರಿ ಸಿಕ್ಕಿದ್ದು ಕಾಸರಗೋಡಿನ ಒಂದು ಸಣ್ಣ ಹೋಟೆಲಿನಲ್ಲಿ. ಊಟಕ್ಕೆ ಕೂತ ಕೂಡಲೇ ಹುಡುಗ ತಿಳಿಗುಲಾಬಿ ಬಣ್ಣದ ಬಿಸಿನೀರು ಸುರಿದು ಹೋದ. ಲೋಟ ಸರಿಯಾಗಿ ತೊಳೆದಿಲ್ಲವೇನೋ ಎಂದು ಅನುಮಾನಿಸಿದೆ. ಅದು ಪದಿಮುಗಂ, ನಮ್ಮ ಕಡೆಯ ಸಪ್ಪಂಗ ಮರದ ತಿರುಳು. ನಾಲ್ಕಾರು ಚಕ್ಕೆ ಹಾಕಿ ಕುದಿಸಿದರೆ ಕೊಡಪಾನ ನೀರಿಗೂ ಬಣ್ಣ ಬರುತ್ತದೆ. ರುಚಿ ಇದೆ ಎಂದರೆ ಇದೆ, ಇಲ್ಲ ಎಂದರೆ ಇಲ್ಲ. ಇದೇ ಏಷ್ಯಾದ ಮರದ ಕೆಂಪು ಬಣ್ಣವನ್ನು ಯುರೋಪಿನವರು ಬಟ್ಟೆಗೆ ಬಳಸುತ್ತಿದ್ದರು, ಅದನ್ನು ಬ್ರೆಜಿಲ್ ಮರವೆಂದೂ ಕರೆಯುತ್ತಿದ್ದರು. ಆಮೇಲೆ ದಕ್ಷಿಣ ಅಮೆರಿಕದಲ್ಲಿ ಇದರ ಬಂಧು ಮರ ಸಿಕ್ಕಿತು, ಆ ದೇಶಕ್ಕೂ ಅದೇ ಹೆಸರು ಅಂಟಿತು. ನಾನು ಮೂರು ಲೋಟ ಕುಡಿದೆ. ಬಿಲ್ಲಿನಲ್ಲಿ ಅದಕ್ಕೆ ಕಾಸಿರಲಿಲ್ಲ.

ಊರಿಗೆ ಮರಳಿ ಪರಿಚಯದ ಪಂಡಿತರಲ್ಲಿ ಕೇಳಿದಾಗ ಅವರು ತಿದ್ದಿದರು: “ಇದನ್ನು ಕಷಾಯ ಅನ್ನಬೇಡಿ, ಪಾನೀಯ ಅನ್ನಿ.” ಕಷಾಯವೆಂದರೆ ಒಂದು ಪಾಲು ಮದ್ದಿಗೆ ಹದಿನಾರು ಪಾಲು ನೀರು ಹಾಕಿ ಚೆನ್ನಾಗಿ ಬತ್ತಿಸಿದ್ದು. ಪಾನೀಯಕ್ಕೆ ಅರುವತ್ತನಾಲ್ಕು ಪಾಲು ನೀರು, ಅರ್ಧಕ್ಕೆ ಇಳಿಸಿದರೆ ಸಾಕು. ಜ್ವರದ ಬಾಯಾರಿಕೆಗೆ ಕೊಡುವ ಷಡಂಗ ಪಾನೀಯದ ಲೆಕ್ಕ ಹೀಗೆಯೇ. ಅದರಲ್ಲಿ ಭದ್ರಮುಷ್ಟಿ, ಪರ್ಪಾಟಕ, ಚಂದನ, ಶುಂಠಿಯ ಜೊತೆ ಲಾವಂಚವೂ ಇದೆ.

ಈ ಭೇದ ತಿಳಿಯದೆ ಉತ್ಸಾಹಕ್ಕೆ ಬಿದ್ದರೆ ಕಷ್ಟ. ತುಳುನಾಡಿನಲ್ಲಿ ಆಟಿ ಅಮಾವಾಸ್ಯೆಯ ದಿನ ಹಾಳೆಮರದ ತೊಗಟೆಯ ಕಷಾಯ ಕುಡಿಯುತ್ತಾರೆ. ಬೆಳಕು ಹರಿಯುವ ಮೊದಲೇ ಕಲ್ಲಿನಿಂದ ಜಜ್ಜಿ ತೊಗಟೆ ತೆಗೆಯಬೇಕು, ಬೆಣಚುಕಲ್ಲು ಕಾಯಿಸಿ ಒಗ್ಗರಣೆ ಕೊಡಬೇಕು. ಆ ಕಹಿಯನ್ನು ಇಳಿಸಲು ಮೇಲೆ ಮೆಂತೆ ಗಂಜಿ ಬೇರೆ. ವರ್ಷಕ್ಕೊಮ್ಮೆ ಸಾಕೆಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಕತ್ತಲಲ್ಲಿ ಮರ ತಪ್ಪಿ ಕಾಸರಕದ ತೊಗಟೆ ತಂದರೆ ಅದು ನೇರ ವಿಷ.

ಈಗ ನಮ್ಮ ಮನೆಯಲ್ಲಿ ಬೇಸಿಗೆಗೆ ಮಣ್ಣಿನ ಹೂಜಿಯಲ್ಲಿ ಒಂದು ಹಿಡಿ ಲಾವಂಚದ ಬೇರು, ಮಳೆಗಾಲಕ್ಕೆ ಜೀರಿಗೆ ಕುದಿಸಿದ ನೀರು. ಬೇರನ್ನು ಎರಡು ದಿನಕ್ಕೊಮ್ಮೆ ಬಿಸಿಲಿಗೆ ಹಾಕದಿದ್ದರೆ ಪರಿಮಳ ಹೋಗಿ ಲೋಳೆ ಬರುತ್ತದೆ. ಇದು ಅನುಭವದ ಮಾತು. ಪುನರ್ಪುಳಿ ಸಿಪ್ಪೆ ನೆನೆಸಿ ಉಪ್ಪು ಮಾತ್ರ ಹಾಕಿಕೊಂಡದ್ದನ್ನು ನೋಡಿ ಹೆಂಡತಿ ಮುಖ ಸಿಂಡರಿಸಿದಳು, ಆಮೇಲೆ ಅವಳೇ ಎರಡನೇ ಲೋಟ ಕೇಳಿದಳು. ನೀರಿಗೆ ಪರ್ಯಾಯ ಹುಡುಕಿದೆ ಎಂದು ಬೀಗಿದಾಗ ಡಾಕ್ಟರು ನಕ್ಕರು, “ಕುಡೀತಿರೋದು ನೀರೇ ಅಲ್ವೇನ್ರೀ?”

ನಮ್ಮ ಮನೆಗೆ ಬಂದಾಗ ಲೋಟದ ನೀರು ಕೆಂಪಗಿದ್ದರೆ ಗಾಬರಿಯಾಗಬೇಡಿ, ಅದು ಪದಿಮುಗಂ. ಅದಕ್ಕೆ ನಾಲ್ಕು ಹನಿ ನಿಂಬೆ ಹಿಂಡಿ ನೋಡಿ, ಹಳದಿಯಾಗುತ್ತದೆ.